ಪೆಡಲ್ ತುಳಿದ ದೂರಕ್ಕೂ ಕೂಲಿ ಸಿಗಲಿ

ಏಳನೇ ವೇತನ ಆಯೋಗದ ಶಿಫಾರಸುಗಳನ್ನು ಪರಿಶೀಲಿಸಿ ಕೇಂದ್ರ ಸರ್ಕಾರ 2017ರ ಜುಲೈನಿಂದ ತನ್ನ ನೌಕರರ ಭತ್ಯೆಗಳನ್ನು ಪರಿಷ್ಕರಿಸಿತು. ಆಗ ಹೊರಬಿದ್ದ ಆದೇಶಗಳಲ್ಲಿ ಎರಡು ಅಂಕಿಗಳಿವೆ. ಕಚೇರಿ ಕೆಲಸಕ್ಕೆಂದು ಪರಸ್ಥಳಕ್ಕೆ ಹೋದ ನೌಕರ ಅಲ್ಲಿ ಕಾಲ್ನಡಿಗೆಯಲ್ಲಿ ಓಡಾಡಿದರೆ ಕಿಲೋಮೀಟರಿಗೆ 12 ರೂಪಾಯಿ. ಪೋಸ್ಟ್‌ಮ್ಯಾನ್ ಮತ್ತು ರೈಲ್ವೆ ಟ್ರ್ಯಾಕ್‌ಮ್ಯಾನ್ ಸೈಕಲ್ ಮೇಲೆ ಕರ್ತವ್ಯ ಮಾಡಿದರೆ ತಿಂಗಳಿಗೆ 180 ರೂಪಾಯಿ. ಅಂದರೆ ಒಬ್ಬರು ಹದಿನೈದು ಕಿಲೋಮೀಟರ್ ನಡೆದರೆ ಬರುವ ಹಣ, ಇನ್ನೊಬ್ಬರು ತಿಂಗಳಿಡೀ ಪೆಡಲ್ ತುಳಿದರೆ ಬರುವ ಹಣಕ್ಕೆ ಸರಿಸಮ.

ಆ 180 ಕೂಡ ಸುಲಭಕ್ಕೆ ಸಿಕ್ಕಿದ್ದಲ್ಲ. ಆಯೋಗ ಸೈಕಲ್ ಭತ್ಯೆಯನ್ನು ಪೂರ್ತಿ ರದ್ದು ಮಾಡಿ ಎಂದೇ ಹೇಳಿತ್ತು. ಸರ್ಕಾರ ಅದನ್ನು ಒಪ್ಪದೆ ಈ ಎರಡು ವರ್ಗದವರಿಗೆ ಉಳಿಸಿಕೊಂಡು, 90 ರೂಪಾಯಿ ಇದ್ದದ್ದನ್ನು ಇಮ್ಮಡಿ ಮಾಡಿತು. ದೇಶದಲ್ಲಿ 22,200ಕ್ಕೂ ಹೆಚ್ಚು ನೌಕರರಿಗೆ ಇದರಿಂದ ಅನುಕೂಲ ಎಂದು ಆಗ ಪ್ರಕಟಣೆ ಹೊರಟಿತು. ಉಳಿಸಿದ್ದು ಒಳ್ಳೆಯ ಕೆಲಸವೇ. ಸೈಕಲ್ ತುಳಿಯುವುದು ಕೆಲಸದ ಭಾಗ, ಅದಕ್ಕೆ ಪ್ರತ್ಯೇಕವಾಗಿ ದುಡ್ಡು ಕೊಡಬೇಕು ಎಂಬ ತತ್ವವನ್ನು ಸರ್ಕಾರವೇ ಒಪ್ಪಿಕೊಂಡಂತಾಯಿತು. ಆದರೆ ತಿಂಗಳಿಗೆ 26 ದಿನದ ಕೆಲಸ, ದಿನಕ್ಕೆ 15 ಕಿಲೋಮೀಟರ್ ಎಂದು ಹಿಡಿದರೆ ಆ 180 ರೂಪಾಯಿ ಕಿಲೋಮೀಟರಿಗೆ ಐವತ್ತು ಪೈಸೆಯನ್ನೂ ಮುಟ್ಟುವುದಿಲ್ಲ. ಅಂಚೆ, ರೈಲ್ವೆ ಇಲಾಖೆಗಳ ಆಚೆ ಇರುವ ಲಕ್ಷಾಂತರ ಸೈಕಲ್ ದುಡಿಮೆಗಾರರಿಗಂತೂ ಆ ಪೈಸೆಗಳ ಲೆಕ್ಕವೂ ಇಲ್ಲ.

ಅವರನ್ನು ನೋಡಬೇಕಾದರೆ ಬೆಂಗಳೂರಿನ ಉತ್ತರಕ್ಕೆ, ಜಕ್ಕೂರಿಗೆ ಬರಬೇಕು. ಪಶ್ಚಿಮಕ್ಕೆ ಬಳ್ಳಾರಿ ರಸ್ತೆ, ಅದರ ಪಕ್ಕದಲ್ಲೇ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ಏರೋಡ್ರೋಮ್. ಪೂರ್ವಕ್ಕೆ ಇಳಿದರೆ ಜಕ್ಕೂರು ಕೆರೆ. ಯಲಹಂಕದ ಕಡೆಯಿಂದ ಬರುವ ನೀರು ಇಲ್ಲಿ ತುಂಬಿ ರಾಚೇನಹಳ್ಳಿ ಕೆರೆಗೆ ಹರಿಯುತ್ತದೆ. ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಳಾಸದಲ್ಲೂ ಜಕ್ಕೂರು ಅಂಚೆ ಎಂದೇ ಇದೆ. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಭಾಗದ ಹೊಲ, ತೋಟಗಳ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು. ಹಳೆಯ ಊರಿನ ಕಿರಿದಾದ ಬೀದಿ, ಹೊಸ ಬಡಾವಣೆಯ ನೇರ ಅಡ್ಡರಸ್ತೆ, ಗೇಟು ಹಾಕಿದ ವಿಲ್ಲಾಗಳು, ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡುಗಳು, ಎಲ್ಲವೂ ಎರಡು ಮೂರು ಕಿಲೋಮೀಟರ್ ಅಂತರದಲ್ಲೇ ಇವೆ. ಇಂಥ ಜಾಗದಲ್ಲಿ ಸಾಮಾನು ಮುಟ್ಟಿಸುವ ಕೆಲಸಕ್ಕೆ ಸೈಕಲ್ಲಿನಷ್ಟು ಹೊಂದುವ ವಾಹನ ಮತ್ತೊಂದಿಲ್ಲ.

ಬೆಳಗಿನ ಜಾವ ಬಳ್ಳಾರಿ ರಸ್ತೆಯಲ್ಲಿ ಎರಡು ಬಗೆಯ ಸೈಕಲ್ ಸವಾರರು ಕಾಣುತ್ತಾರೆ. ಒಂದು ಗುಂಪು ನಂದಿಬೆಟ್ಟದ ಕಡೆಗೆ ಹೊರಟವರದು. ಹೆಲ್ಮೆಟ್, ಮಿನುಗುವ ಹಿಂದಿನ ದೀಪ, ಗೇರಿನ ಹಗುರ ಸೈಕಲ್ಲು, ತುಳಿದ ದೂರವನ್ನು ಮೀಟರ್ ಬಿಡದೆ ಎಣಿಸುವ ಯಂತ್ರ. ಸ್ವಂತ ಆರೋಗ್ಯಕ್ಕಾಗಿ, ಸಂತೋಷಕ್ಕಾಗಿ ತುಳಿಯುವ ಅವರ ಬಗ್ಗೆ ಯಾರೂ ತಕರಾರು ತೆಗೆಯಬೇಕಿಲ್ಲ. ನಗರದಲ್ಲಿ ಸೈಕಲ್ಲಿಗೆ ಮರ್ಯಾದೆ ತಂದುಕೊಟ್ಟವರಲ್ಲಿ ಅವರ ಪಾಲು ದೊಡ್ಡದು. ಇನ್ನೊಂದು ಗುಂಪು ಅದೇ ಹೊತ್ತಿಗೆ ಸರ್ವಿಸ್ ರಸ್ತೆಯ ಅಂಚಿನಲ್ಲಿ, ದೀಪವಿಲ್ಲದ ಸೈಕಲ್ಲುಗಳಲ್ಲಿ, ಪೇಪರ್ ಹೇರಿಕೊಂಡು ಹೊರಡುತ್ತದೆ. ಇವರು ತುಳಿದ ದೂರವನ್ನು ಎಣಿಸುವ ಯಂತ್ರ ಯಾವುದೂ ಇಲ್ಲ. ಎಣಿಸಬೇಕೆಂದು ಯಾರಿಗೂ ಹೊಳೆದಿಲ್ಲ.

ಪೇಪರ್ ಹಂಚುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದರ ಶ್ರಮ ತಿಳಿಯುತ್ತದೆ. ಬಾಗಿಲು ಹಾಕಿದ ಯಾವುದೋ ಅಂಗಡಿಯ ಮುಂದೆ ವ್ಯಾನು ಬಂಡಲುಗಳನ್ನು ಇಳಿಸಿ ಹೋಗುತ್ತದೆ. ಬೀದಿದೀಪದ ಬೆಳಕಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದು ಪ್ರತಿಯ ಒಳಗೆ ಪುರವಣಿ ಸೇರಿಸಬೇಕು, ಜಾಹೀರಾತಿನ ಕರಪತ್ರ ಇದ್ದರೆ ಅದನ್ನೂ ತುರುಕಬೇಕು. ಯಾವ ಮನೆಗೆ ಕನ್ನಡ, ಯಾವ ಮನೆಗೆ ಇಂಗ್ಲಿಷ್, ಯಾರು ಊರಿಗೆ ಹೋಗಿದ್ದಾರೆ, ಯಾರು ಈ ತಿಂಗಳು ಬೇಡ ಎಂದಿದ್ದಾರೆ, ಎಲ್ಲ ತಲೆಯಲ್ಲೇ. ಆಮೇಲೆ ಲೈನಿನ ಕ್ರಮಕ್ಕೆ ಸರಿಯಾಗಿ ಜೋಡಿಸಿ ಅರ್ಧ ಕ್ಯಾರಿಯರಿಗೆ ಕಟ್ಟಿ, ಉಳಿದರ್ಧವನ್ನು ಹ್ಯಾಂಡಲಿನ ಎರಡೂ ಬದಿಯ ಚೀಲಗಳಿಗೆ ತುಂಬಬೇಕು. ಒಂದು ಕಡೆ ಭಾರ ಹೆಚ್ಚಾದರೆ ಹ್ಯಾಂಡಲು ಆ ಕಡೆಗೇ ಎಳೆಯುತ್ತದೆ. ಅಪಾರ್ಟ್‌ಮೆಂಟಿಗೆ ಬಂದರೆ ಸೈಕಲ್ಲು ಗೇಟಿನಾಚೆ. ಲಿಫ್ಟಿನಲ್ಲಿ ತುತ್ತತುದಿಯ ಮಹಡಿಗೆ ಹೋಗಿ, ಅಲ್ಲಿಂದ ಮೆಟ್ಟಿಲಲ್ಲಿ ಒಂದೊಂದೇ ಮಹಡಿ ಇಳಿಯುತ್ತ ಬಾಗಿಲಿಗೆ ಹಾಕಿ ಬರಬೇಕು. ಮಳೆ ಬಂದರೆ ಪ್ಲಾಸ್ಟಿಕ್ ಹೊದಿಕೆ ಪೇಪರಿಗೆ, ಸವಾರನಿಗಲ್ಲ. ನಸುಕಿನಲ್ಲಿ ಅಟ್ಟಿಸಿಕೊಂಡು ಬರುವ ಬೀದಿನಾಯಿಗಳ ಕಾಟ ಬೇರೆ. ಎಲ್ಲವನ್ನೂ ಏಳು ಗಂಟೆಯೊಳಗೆ ಮುಗಿಸಬೇಕು. ಏಕೆಂದರೆ ಇವರಲ್ಲಿ ಎಷ್ಟೋ ಹುಡುಗರು ಆಮೇಲೆ ಕಾಲೇಜಿಗೋ ಮತ್ತೊಂದು ಕೆಲಸಕ್ಕೋ ಹೋಗುವವರು.

ಇದಕ್ಕೆ ಸಿಗುವುದು ತಿಂಗಳಿಗಿಷ್ಟು ಎಂಬ ಒಟ್ಟು ಹಣ. ಏಜೆಂಟರ ಕಷ್ಟವೂ ಸಣ್ಣದಲ್ಲ. ಕಮಿಷನ್ನಿನಲ್ಲೇ ಹುಡುಗರ ಸಂಬಳ, ಬಾರದ ಬಾಕಿ, ಉಳಿದ ಪ್ರತಿ ಎಲ್ಲವನ್ನೂ ತೂಗಿಸಬೇಕು. ಸೆಪ್ಟೆಂಬರ್ 4ರಂದು ಕರ್ನಾಟಕದ ಊರೂರುಗಳಲ್ಲಿ ಪತ್ರಿಕಾ ವಿತರಕರ ದಿನಾಚರಣೆ ನಡೆಯುತ್ತದೆ. 1833ರಲ್ಲಿ ಅದೇ ದಿನ ನ್ಯೂಯಾರ್ಕ್‌ನ ‘ಸನ್’ ಪತ್ರಿಕೆ ಹತ್ತು ವರ್ಷದ ಬಾರ್ನಿ ಫ್ಲಾಹರ್ಟಿ ಎಂಬ ಹುಡುಗನನ್ನು ಪತ್ರಿಕೆ ಮಾರಲು ನೇಮಿಸಿಕೊಂಡ ನೆನಪಿಗೆ ಅಮೆರಿಕದಲ್ಲೂ ಆ ದಿನ ಆಚರಣೆ ಇದೆ. ಸನ್ಮಾನ, ಶಾಲು, ಹಾರ ಎಲ್ಲ ಆಗುತ್ತವೆ. ಟಯರ್ ಸವೆದದ್ದಕ್ಕೆ, ಚೈನು ಸಡಿಲವಾದದ್ದಕ್ಕೆ ದುಡ್ಡು ಕೊಡಬೇಕಾದವರು ಯಾರು ಎಂಬ ಮಾತು ಮಾತ್ರ ವೇದಿಕೆಗೆ ಬರುವುದು ಕಡಿಮೆ. ಪತ್ರಿಕೆಗಳೇ ಎತ್ತಬೇಕಾದ ಮಾತು ಇದು.

ಸೈಕಲ್ಲಿಗೆ ಖರ್ಚೇ ಇಲ್ಲ ಎಂಬ ನಂಬಿಕೆ ಇಲ್ಲಿ ಆಳವಾಗಿ ಬೇರೂರಿದೆ. ಪೆಟ್ರೋಲ್ ಬೇಡ, ಲೈಸೆನ್ಸ್ ಬೇಡ, ಇನ್ಶೂರೆನ್ಸ್ ಬೇಡ, ಇನ್ನೇನು ಖರ್ಚು ಎನ್ನುತ್ತಾರೆ. ದುಡಿಯುವ ಸೈಕಲ್ಲನ್ನು ಒಮ್ಮೆ ರಿಪೇರಿ ಅಂಗಡಿಯಲ್ಲಿ ತಲೆಕೆಳಗೆ ನಿಲ್ಲಿಸಿ ನೋಡಬೇಕು. ಭಾರ ಹೆಚ್ಚು ಬೀಳುವುದು ಹಿಂದಿನ ಚಕ್ರಕ್ಕೆ. ಮೊದಲು ಒಂದು ಕಡ್ಡಿ ಮುರಿಯುತ್ತದೆ. ಅದನ್ನು ಹಾಗೇ ಬಿಟ್ಟರೆ ಅಕ್ಕಪಕ್ಕದ ಕಡ್ಡಿಗಳಿಗೆ ಎಳೆತ ಹೆಚ್ಚಿ ಅವೂ ಮುರಿಯುತ್ತವೆ, ರಿಮ್ಮು ಔಟ್ ಆಗಿ ಪ್ರತಿ ಸುತ್ತಿಗೂ ಬ್ರೇಕಿಗೆ ಉಜ್ಜುತ್ತದೆ. ಉಜ್ಜುವ ಚಕ್ರವನ್ನು ತಿರುಗಿಸಲು ಕಾಲಿನ ಶಕ್ತಿ ಇನ್ನಷ್ಟು ಬೇಕು. ಚೈನು ಸವೆದು ಉದ್ದವಾದರೆ ಫ್ರೀವೀಲಿನ ಹಲ್ಲುಗಳನ್ನೂ ತಿಂದು ಹಾಕುತ್ತದೆ. ಆಗ ಎರಡನ್ನೂ ಒಟ್ಟಿಗೆ ಬದಲಿಸಬೇಕು. ರಸ್ತೆಯ ಧೂಳು, ಮಳೆಗಾಲದ ಕೆಸರು ಹಬ್ಬಿನೊಳಗೆ ಹೋದರೆ ಬೇರಿಂಗ್ ಗುಂಡುಗಳು ಕರಕರ ಎನ್ನುತ್ತವೆ. ಹೊಸ ಗ್ರೀಸು ಹಾಕಿ ಓವರ್‌ಹಾಲ್ ಮಾಡಿಸದೆ ಗತಿಯಿಲ್ಲ. ಕಟ್ಟಡ ಕೆಲಸ ನಡೆಯುವ ರಸ್ತೆಗಳಲ್ಲಿ ಬಿದ್ದ ಮೊಳೆಗಳಿಂದಾಗುವ ಪಂಕ್ಚರಿಗಂತೂ ಲೆಕ್ಕವಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಕೊಳ್ಳುವವರಿಗೆ ಅದು ಉಪಕಾರ. ಆದರೆ ದುಡಿಮೆಯ ಸೈಕಲ್ಲಿನ ಖರ್ಚು ಕೊಂಡ ಮೇಲೆಯೇ ಶುರುವಾಗುವುದು.

ಇದಕ್ಕಿಂತ ದೊಡ್ಡ ಖರ್ಚು ಮೈಯದು. ಗೇರಿಲ್ಲದ ಸೈಕಲ್ಲಿನ ಮೇಲೆ ಭಾರ ಹೊತ್ತು ಕೆರೆಯ ಕಡೆಯಿಂದ ಬಳ್ಳಾರಿ ರಸ್ತೆಯ ಕಡೆಗೆ ಏರುವಾಗ ಸೀಟಿನಿಂದೆದ್ದು ನಿಂತು ತುಳಿಯಬೇಕು. ಮಂಡಿ, ಸೊಂಟ ಎರಡೂ ನೋಯುತ್ತವೆ. ಪೆಟ್ರೋಲ್ ಸುಟ್ಟರೆ ಬಿಲ್ಲು ಇರುತ್ತದೆ, ಬಿಲ್ಲಿಗೆ ಭತ್ಯೆ ಸಿಗುತ್ತದೆ. ತಿಂದ ಅನ್ನ ಸುಟ್ಟರೆ ಬಿಲ್ಲಿಲ್ಲ, ಆದ್ದರಿಂದ ಭತ್ಯೆಯೂ ಇಲ್ಲ.

ಹೊಸ ಕಾಲದ ಡೆಲಿವರಿ ಕೆಲಸಕ್ಕೆ ಬಂದರೆ ವಿಷಯ ಇನ್ನಷ್ಟು ಗಂಭೀರ. ಜಕ್ಕೂರು, ಅಮೃತಹಳ್ಳಿ, ಸಹಕಾರನಗರ, ಥಣಿಸಂದ್ರಗಳಲ್ಲಿ ಊಟ, ದಿನಸಿ, ಔಷಧ ಮುಟ್ಟಿಸುವವರಲ್ಲಿ ಬಹುಪಾಲು ಬೈಕಿನವರು. ನಡುವೆ ಸೈಕಲ್ಲಿನವರೂ ಇದ್ದಾರೆ. ಸ್ವಿಗ್ಗಿ, ಜೊಮ್ಯಾಟೊದಂಥ ಕಂಪನಿಗಳು ಸೈಕಲ್ ಸವಾರರನ್ನೂ ಸೇರಿಸಿಕೊಳ್ಳುತ್ತವೆ. ಬೈಕಿಗೆ ಮುಂಗಡ ಹೊಂದಿಸಲಾಗದವರು, ಲೈಸೆನ್ಸ್ ಇನ್ನೂ ಆಗದವರು, ಓದುತ್ತಲೇ ಸಂಜೆ ಹೊತ್ತು ದುಡಿಯುವವರು ಈ ದಾರಿ ಹಿಡಿಯುತ್ತಾರೆ. ಸೈಕಲ್ಲಿನವರಿಗೆ ಸಾಮಾನ್ಯವಾಗಿ ಹತ್ತಿರದ ಆರ್ಡರುಗಳೇ ಬರುತ್ತವೆ. ಹತ್ತಿರದ ಆರ್ಡರಿಗೆ ಸಿಗುವ ಹಣ ಕಡಿಮೆ. ನಿಧಾನ ಹೋಗುವುದರಿಂದ ದಿನಕ್ಕೆ ಮುಗಿಸುವ ಆರ್ಡರೂ ಕಡಿಮೆ. ಇಷ್ಟು ಆರ್ಡರ್ ಮುಗಿಸಿದರೆ ಇಷ್ಟು ಇನ್ಸೆಂಟಿವ್ ಎಂಬ ಗುರಿ ಇಟ್ಟಾಗ ಸೈಕಲ್ಲಿನವರು ಅದನ್ನು ಮುಟ್ಟುವುದು ಕಷ್ಟ. ಹೊಗೆ ಬಿಡದೆ, ಸದ್ದು ಮಾಡದೆ, ರಸ್ತೆಯಲ್ಲಿ ಹೆಚ್ಚು ಜಾಗ ತೆಗೆದುಕೊಳ್ಳದೆ ಕೆಲಸ ಮಾಡುವವರ ಕೈಗೆ ಅತಿ ಕಡಿಮೆ ಹಣ ಬೀಳುವಂತೆ ಇಡೀ ವ್ಯವಸ್ಥೆ ಕೂತಿದೆ.

ಇನ್ನೊಂದು ದಾರಿ ಬಾಡಿಗೆಯ ವಿದ್ಯುತ್ ವಾಹನ. 2017ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಯುಲು ಕಂಪನಿ ಡೆಲಿವರಿ ಕೆಲಸದವರಿಗೆಂದೇ ಪ್ರತ್ಯೇಕ ವಾಹನ ತಂದಿದೆ. ಗಂಟೆಗೆ 25 ಕಿಲೋಮೀಟರ್ ವೇಗ ಮೀರದ, 250 ವಾಟ್ ಒಳಗಿನ ಇಂಥ ವಾಹನಗಳಿಗೆ ನೋಂದಣಿಯಾಗಲಿ ಚಾಲನಾ ಪರವಾನಗಿಯಾಗಲಿ ಬೇಕಿಲ್ಲ. ಮೈಗೆ ಇದು ಹಗುರ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಬಾಡಿಗೆ ಕಟ್ಟುವವನು ಕೆಲಸಗಾರ. ಕೆಲಸ ಸಿಕ್ಕಿದ ದಿನವೂ ಸಿಗದ ದಿನವೂ ಬಾಡಿಗೆ ಓಡುತ್ತಿರುತ್ತದೆ. ಸವಾರಿ ಮಾಡಿದ್ದಕ್ಕೆ ಹಣ ಪಡೆಯಬೇಕಾದವರು ಸವಾರಿ ಮಾಡಲು ಹಣ ಕಟ್ಟುವ ಸ್ಥಿತಿ ಇದು. ಕಾರ್ಖಾನೆಯ ಕಾರ್ಮಿಕ ತಾನು ನಡೆಸುವ ಯಂತ್ರಕ್ಕೆ ಮಾಲೀಕನಿಗೆ ಬಾಡಿಗೆ ಕೊಡಬೇಕೆಂದು ಯಾರಾದರೂ ಹೇಳಿದರೆ ಅದನ್ನು ಒಪ್ಪುವವರಿಲ್ಲ. ಬೀದಿಯ ಕೆಲಸದಲ್ಲಿ ಅದೇ ಮಾತು ಸಹಜವಾಗಿಬಿಟ್ಟಿದೆ.

ಜಗತ್ತಿನಲ್ಲಿ ಇದಕ್ಕೆ ಬೇರೆ ಲೆಕ್ಕಗಳಿವೆ. ಬ್ರಿಟನ್ನಿನ ತೆರಿಗೆ ಇಲಾಖೆ ಕಚೇರಿ ಕೆಲಸಕ್ಕೆ ಸ್ವಂತ ವಾಹನ ಬಳಸುವ ನೌಕರರಿಗೆ ಮೈಲಿಗಿಷ್ಟು ಎಂದು ತೆರಿಗೆರಹಿತ ಭತ್ಯೆಯ ದರ ಗೊತ್ತುಪಡಿಸಿದೆ. ಮೊದಲ ಹತ್ತು ಸಾವಿರ ಮೈಲಿಗೆ ಕಾರಿಗೆ 45 ಪೆನ್ಸ್ ಎಂದು, ಮೋಟಾರ್‌ಸೈಕಲ್ಲಿಗೆ 24 ಪೆನ್ಸ್ ಎಂದು ಗೊತ್ತುಪಡಿಸಿದ ಪಟ್ಟಿಯಲ್ಲಿ ಸೈಕಲ್ಲಿಗೆ 20 ಪೆನ್ಸ್ ಇದೆ. ಮೋಟಾರ್‌ಸೈಕಲ್ಲಿಗೂ ಸೈಕಲ್ಲಿಗೂ ಇರುವ ಅಂತರ ನಾಲ್ಕೇ ಪೆನ್ಸ್ ಎಂಬುದನ್ನು ಗಮನಿಸಬೇಕು. ಸೈಕಲ್ಲಿಗೆ ಪೆಟ್ರೋಲ್ ಬೇಡವಲ್ಲ ಎಂದು ಅಲ್ಲಿನ ಅಧಿಕಾರಿಗಳಿಗೂ ಗೊತ್ತು. ಆದರೂ ದೂರ ದೂರವೇ, ಶ್ರಮ ಶ್ರಮವೇ ಎಂದು ದರ ಇಟ್ಟರು.

ಬೆಲ್ಜಿಯಂ ಇನ್ನೂ ಮುಂದೆ ಹೋಗಿದೆ. ಕೆಲಸಕ್ಕೆ ಹೋಗಿಬರುವ ದಾರಿಗೂ ಅಲ್ಲಿ ಹಣ ಉಂಟು. ಬೇರೆ ಒಪ್ಪಂದವಿಲ್ಲದ ಖಾಸಗಿ ಉದ್ಯೋಗಿಗಳಿಗೂ 2023ರ ಮೇ ತಿಂಗಳಿಂದ ಕಿಲೋಮೀಟರಿಗೆ 27 ಸೆಂಟ್ ಸೈಕಲ್ ಭತ್ಯೆ ಕೊಡುವ ರಾಷ್ಟ್ರಮಟ್ಟದ ಒಪ್ಪಂದ ಜಾರಿಗೆ ಬಂತು. ನೆದರ್ಲೆಂಡ್ಸಿನಲ್ಲಿ 2024ರಿಂದ ಕಿಲೋಮೀಟರಿಗೆ 23 ಸೆಂಟ್ ವರೆಗೆ ತೆರಿಗೆಯಿಲ್ಲದೆ ಕೊಡಬಹುದು. ಫ್ರಾನ್ಸ್ 2014ರಲ್ಲಿ ಸುಮಾರು ಇಪ್ಪತ್ತು ಸಂಸ್ಥೆಗಳ ಹತ್ತು ಸಾವಿರ ನೌಕರರಿಗೆ ಕಿಲೋಮೀಟರಿಗೆ 25 ಸೆಂಟ್ ಎಂದು ಆರು ತಿಂಗಳು ಪ್ರಯೋಗ ಮಾಡಿ ನೋಡಿತು. 2020ರಲ್ಲಿ ಸೈಕಲ್ಲಿನಲ್ಲಿ ಬರುವ ನೌಕರರಿಗೆ ಮಾಲೀಕರು ತೆರಿಗೆರಹಿತ ಹಣ ಕೊಡುವ ವ್ಯವಸ್ಥೆಯನ್ನು ಅಲ್ಲಿ ಜಾರಿಗೆ ತಂದರು. ಅವೆಲ್ಲ ಶ್ರೀಮಂತ ದೇಶಗಳು ಎನ್ನುವುದು ನಿಜ. ಅವರಷ್ಟೇ ಹಣ ಕೊಡಿ ಎಂದು ಇಲ್ಲಿ ಯಾರೂ ಕೇಳುತ್ತಿಲ್ಲ. ತಿಂಗಳಿಗಿಷ್ಟು ಎಂಬ ಭಿಕ್ಷೆಯ ಬದಲು ಕಿಲೋಮೀಟರಿಗಿಷ್ಟು ಎಂಬ ಹಕ್ಕಿನ ಲೆಕ್ಕವನ್ನು ಮಾತ್ರ ಅಲ್ಲಿಂದ ಕಲಿಯಬೇಕು. ಆ ಲೆಕ್ಕ ಭಾರತಕ್ಕೂ ಹೊಸದಲ್ಲ. ಕೇಂದ್ರದ ಪ್ರವಾಸ ಭತ್ಯೆ ನಿಯಮದಲ್ಲೇ, ಬೇರೆ ದರ ನಿಗದಿಯಾಗದ ಊರುಗಳಲ್ಲಿ ಸ್ವಂತ ಸ್ಕೂಟರಿಗೆ ಕಿಲೋಮೀಟರಿಗೆ 12 ರೂಪಾಯಿ, ಸ್ವಂತ ಕಾರಿಗೆ 24 ರೂಪಾಯಿ ಎಂದು 2017ರಲ್ಲಿ ಬರೆದಿದ್ದಾರೆ. ನಡಿಗೆಗೂ ಆಗ ಅದೇ 12. ನಡಿಗೆಗೂ ಸ್ಕೂಟರಿಗೂ ನಡುವೆ ಇರುವ ಸೈಕಲ್ಲಿಗೆ ಮಾತ್ರ ಕಿಲೋಮೀಟರಿನ ಲೆಕ್ಕ ತಪ್ಪಿಹೋಗಿದೆ.

ಸೈಕಲ್ ತುಳಿದು ಸಂಬಳ ಪಡೆಯುವವರು ಕರ್ನಾಟಕದಲ್ಲಿ ಮತ್ತೊಂದು ಬಗೆಯಲ್ಲೂ ಇದ್ದಾರೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿ ಮಕ್ಕಳು ಸೈಕ್ಲಿಂಗ್ ಸ್ಪರ್ಧೆಗಳಲ್ಲಿ ಪದಕ ಗೆದ್ದು ಕ್ರೀಡಾ ಕೋಟಾದಲ್ಲಿ ರೈಲ್ವೆ, ಸೇನೆ ಸೇರಿದ್ದಾರೆ. ರೈತರ, ಕೂಲಿಕಾರರ ಮನೆಗಳಿಂದ ಬಂದ ಆ ಹುಡುಗ ಹುಡುಗಿಯರ ಬದುಕನ್ನು ಸೈಕಲ್ಲು ನಿಜಕ್ಕೂ ಬದಲಿಸಿದೆ. ಹೆಮ್ಮೆಪಡುವ ಸಂಗತಿ. ಅದೇ ಉತ್ತರ ಕರ್ನಾಟಕದಿಂದ ಕೆಲಸ ಹುಡುಕಿಕೊಂಡು ಬೆಂಗಳೂರಿನ ಉತ್ತರ ಭಾಗಕ್ಕೆ ಬಂದು ನೆಲೆಸಿದ ಕುಟುಂಬಗಳೂ ಅಪಾರ. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುಮಾಡಿತು, ಕೋವಿಡ್ ಕಾಲದಲ್ಲಿ ಅದು ನಿಂತಿತು. ಅಷ್ಟರಲ್ಲಿ ಒಂದಿಡೀ ತಲೆಮಾರು ಸೈಕಲ್ ಕಲಿತಾಗಿತ್ತು. ಶಾಲೆಗೆ ಹೋಗಲು ಸರ್ಕಾರದಿಂದ ಸೈಕಲ್ ಪಡೆದ ಆ ತಲೆಮಾರು ಈಗ ದುಡಿಯುವ ವಯಸ್ಸಿಗೆ ಬಂದಿದೆ.

ಕಾನೂನಿನ ಕಡೆಯಿಂದ ಒಂದು ಅವಕಾಶ ಈಗ ತಾನಾಗಿ ಒದಗಿದೆ. ಆ್ಯಪ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕಾಗಿ ಕರ್ನಾಟಕ ಸರ್ಕಾರ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಅದೇ ವರ್ಷ ಅದನ್ನು ಕಾಯ್ದೆಯಾಗಿ ಮಾಡಿತು. ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಕಂಪನಿಗಳು ಶೇ 1ರಿಂದ ಶೇ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಒಪ್ಪಂದ ಸರಳ ಭಾಷೆಯಲ್ಲಿರಬೇಕು. ಏಕಾಏಕಿ ಕೆಲಸದಿಂದ ತೆಗೆಯುವಂತಿಲ್ಲ. ಅದಕ್ಕೂ ಮೊದಲೇ, 2023-24ರ ಬಜೆಟ್‌ನಲ್ಲಿ, ಎರಡು ಲಕ್ಷ ಜೀವವಿಮೆ ಮತ್ತು ಎರಡು ಲಕ್ಷ ಅಪಘಾತ ವಿಮೆ ಸೇರಿ ನಾಲ್ಕು ಲಕ್ಷ ರೂಪಾಯಿಯ ವಿಮಾ ಯೋಜನೆಯನ್ನೂ ಘೋಷಿಸಲಾಗಿತ್ತು. ದೇಶದಲ್ಲಿ ಕೆಲವೇ ರಾಜ್ಯಗಳು ಇಟ್ಟ ಹೆಜ್ಜೆ ಇದು. ಇದನ್ನು ಮೆಚ್ಚಿಯೇ ಮುಂದಿನ ಮಾತು ಹೇಳಬೇಕು. ವಿಮೆ ಎನ್ನುವುದು ಬಿದ್ದಾಗ ಬರುವ ಹಣ. ಬೀಳದೆ ದಿನವಿಡೀ ತುಳಿದವರಿಗೂ ಒಂದು ದರ ಬೇಕು. ಈ ಕಾಯ್ದೆಯಡಿಯ ಕಲ್ಯಾಣ ಮಂಡಳಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳು ಕೂತಾಗ ಸೈಕಲ್ ಸವಾರರ ಕಿಲೋಮೀಟರ್ ದರ ಬೈಕಿನವರದಕ್ಕಿಂತ ಕಡಿಮೆಯಾಗಬಾರದು ಎಂಬುದನ್ನು ಮೊದಲ ಬೇಡಿಕೆಗಳಲ್ಲೇ ಇಡಬೇಕು. ಆರ್ಡರ್ ಒಪ್ಪಿಕೊಂಡ ಜಾಗದಿಂದ ಹೋಟೆಲಿನವರೆಗಿನ ಖಾಲಿ ದಾರಿಯನ್ನೂ, ಕೊಟ್ಟು ವಾಪಸು ಬರುವ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೈಕಿನವರಿಗೆ ಖಾಲಿ ದಾರಿ ಎಂದರೆ ಎರಡು ನಿಮಿಷ, ಸೈಕಲ್ಲಿನವರಿಗೆ ಅದು ಮತ್ತೊಂದು ಏರು.

ದೂರ ಅಳೆಯುವವರು ಯಾರು, ಸುಳ್ಳು ಲೆಕ್ಕ ಬರೆದರೆ ಏನು ಮಾಡುವುದು ಎಂಬ ಪ್ರಶ್ನೆ ಬರುತ್ತದೆ. ಡೆಲಿವರಿ ಕಂಪನಿಗಳಿಗೆ ಈ ಪ್ರಶ್ನೆ ಕೇಳುವ ಹಕ್ಕೇ ಇಲ್ಲ. ಕೆಲಸಗಾರ ಎಲ್ಲಿ ನಿಂತ, ಎಷ್ಟು ಹೊತ್ತು ನಿಂತ ಎಂಬುದೆಲ್ಲ ಅವರ ಆ್ಯಪಿಗೆ ಗೊತ್ತು. ತಡವಾದರೆ ತಿಳಿಯುವ ಯಂತ್ರಕ್ಕೆ ತುಳಿದ ದೂರ ತಿಳಿಯದೇ ಇರಲು ಸಾಧ್ಯವಿಲ್ಲ. ಪೋಸ್ಟ್‌ಮ್ಯಾನ್‌ಗಳ ವಿಷಯ ಇನ್ನೂ ಸುಲಭ. ಬೀಟ್ ನಿಗದಿಯಾಗಿರುತ್ತದೆ, ಬೀದಿಗಳ ಹೆಸರು ಬರೆದಿರುತ್ತದೆ. ಒಮ್ಮೆ ಅಳೆದರೆ ಹೊಸ ಬಡಾವಣೆ ಸೇರುವ ತನಕ ಅದೇ ಲೆಕ್ಕ. ಬೆಂಗಳೂರಿನಲ್ಲಿ ‘ಬೈಸಿಕಲ್ ಮೇಯರ್’ ಎಂದು ಗುರುತಿಸಿಕೊಂಡ ಸತ್ಯ ಶಂಕರನ್ ಮುಂತಾದವರು ಕಚೇರಿಗೆ ಸೈಕಲ್ಲಿನಲ್ಲಿ ಹೋಗುವವರ ದೂರವನ್ನು ಆ್ಯಪ್ ಮೂಲಕ ದಾಖಲಿಸಿ ಕಂಪನಿಗಳ ನಡುವೆ ಸ್ಪರ್ಧೆ ಏರ್ಪಡಿಸಿದ್ದಾರೆ. ಮಾನ್ಯತಾ ಟೆಕ್ ಪಾರ್ಕಿಗೆ ಸೈಕಲ್ಲಿನಲ್ಲಿ ಬರುವ ಎಂಜಿನಿಯರರ ದೂರವನ್ನು ಅಳೆಯಲು ಬರುತ್ತದೆ ಎಂದಾದರೆ, ಅವರಿಗೆ ಊಟ ತಂದುಕೊಡುವ ಹುಡುಗನ ದೂರವನ್ನು ಅಳೆಯಲು ಬಾರದೇನು?

ಹೊರೆಯಾಗುತ್ತದೆ ಎಂಬ ಆಕ್ಷೇಪಕ್ಕೂ ಲೆಕ್ಕದಲ್ಲೇ ಉತ್ತರವಿದೆ. ನಡಿಗೆಗೆ 2017ರಲ್ಲಿ ಗೊತ್ತುಮಾಡಿದ 12 ರೂಪಾಯಿಯ ಮೂರನೇ ಒಂದು ಪಾಲು, ಅಂದರೆ ಕಿಲೋಮೀಟರಿಗೆ 4 ರೂಪಾಯಿ ಕೊಟ್ಟರೆ ದಿನಕ್ಕೆ 15 ಕಿಲೋಮೀಟರಿಗೆ 60 ರೂಪಾಯಿ, 26 ದಿನಕ್ಕೆ 1,560 ರೂಪಾಯಿ. ಟಯರ್, ಟ್ಯೂಬು, ಚೈನು, ರಿಪೇರಿಯ ಜೊತೆಗೆ ದಿನಕ್ಕೊಂದು ಹೆಚ್ಚಿನ ತಿಂಡಿಯ ಖರ್ಚು ಹುಟ್ಟುತ್ತದೆ. ಅಧಿಕಾರಿಗಳ ವಾಹನಕ್ಕೆ ಡೀಸೆಲ್ ತುಂಬಿಸುವಾಗ ಇಷ್ಟು ಚರ್ಚೆ ನಡೆಯುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದ ಮೇಲೆ ಜಕ್ಕೂರು ಬೆಂಗಳೂರು ಉತ್ತರ ನಗರ ಪಾಲಿಕೆಗೆ ಸೇರಿದೆ. ಹೊಸ ಪಾಲಿಕೆ, ಹೊಸ ನಿಯಮ ಬರೆಯಲು ಒಳ್ಳೆಯ ಹೊತ್ತು. ಪಾಲಿಕೆಯ ಕೆಲಸಕ್ಕೆ, ಗುತ್ತಿಗೆಯ ಮೇಲಾದರೂ ಸರಿ, ಸ್ವಂತ ಸೈಕಲ್ಲಿನಲ್ಲಿ ಬೀದಿ ಸುತ್ತುವ ಯಾರಿಗೇ ಆಗಲಿ ಈ ದರ ಕೊಡುತ್ತೇವೆ ಎಂದು ಉತ್ತರ ಪಾಲಿಕೆ ಮೊದಲು ಹೇಳಬಹುದು. ಬೇರೆ ನಾಲ್ಕು ಪಾಲಿಕೆಗಳು ಹಿಂದೆ ಬರುತ್ತವೆ.

ದರದ ಜೊತೆಗೆ ರಸ್ತೆಯ ಮಾತನ್ನೂ ಆಡಲೇಬೇಕು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಲೌರಿ ಜಂಕ್ಷನ್‌ವರೆಗೆ ಸುಮಾರು 17 ಕಿಲೋಮೀಟರ್ ಸೈಕಲ್ ಪಥಕ್ಕೆ ನಗರ ಭೂಸಾರಿಗೆ ನಿರ್ದೇಶನಾಲಯ ಕೈಹಾಕಿತ್ತು. ಕಂಬ ನೆಟ್ಟು ಬೇರ್ಪಡಿಸಿದ ಆ ಪಥ ಮೆಟ್ರೊ ಕಾಮಗಾರಿಯ ನಡುವೆ ಉಳಿಯಲಿಲ್ಲ. ಬಳ್ಳಾರಿ ರಸ್ತೆಯ ಸ್ಥಿತಿ ಅದಕ್ಕಿಂತ ಕಷ್ಟ. ಮೇಲೆ ವಿಮಾನ ನಿಲ್ದಾಣದ ಕಡೆ ಹಾರುವ ಕಾರುಗಳ ಎಲಿವೇಟೆಡ್ ರಸ್ತೆ, ಕೆಳಗೆ ಬಸ್ಸು, ಟ್ಯಾಂಕರು, ಆಟೋಗಳಿಂದ ಕಿಕ್ಕಿರಿದ ಸರ್ವಿಸ್ ರಸ್ತೆ. ಜಕ್ಕೂರಿನಿಂದ ಆಚೆ ಬದಿಯ ಬಡಾವಣೆಗೆ ಒಂದು ಪೊಟ್ಟಣ ಮುಟ್ಟಿಸಬೇಕಾದರೆ ಸೈಕಲ್ಲಿನವರು ತಿರುವು ಸಿಗುವ ತನಕ ಸುತ್ತಿ ಬರಬೇಕು. ಆ ಸುತ್ತಿನ ಭಯಕ್ಕೆ ಎದುರು ದಿಕ್ಕಿನಲ್ಲೇ ಬರುವವರಿದ್ದಾರೆ, ಜೀವ ಕೈಯಲ್ಲಿ ಹಿಡಿದುಕೊಂಡು. ಅವರನ್ನು ಬೈಯುವುದು ಸುಲಭ. ಸೈಕಲ್ಲು ತಳ್ಳಿಕೊಂಡು ದಾಟಲು ಒಂದು ಜಾಗ ಮಾಡಿಕೊಡುವುದು ಎಂಜಿನಿಯರುಗಳ ಕೆಲಸ. ವಿಮಾನ ನಿಲ್ದಾಣದ ಮೆಟ್ರೊ ನೀಲಿ ಮಾರ್ಗದಲ್ಲಿ ಜಕ್ಕೂರು ಕ್ರಾಸ್ ನಿಲ್ದಾಣವೂ ಸೇರಿದೆ. ನಿಲ್ದಾಣದ ಪಾದಚಾರಿ ಮೇಲ್ಸೇತುವೆಗೆ ಸೈಕಲ್ ತಳ್ಳುವಂಥ ಇಳಿಜಾರು, ಕೆಳಗೆ ಡೆಲಿವರಿಯವರು ಸೈಕಲ್ ನಿಲ್ಲಿಸಿ ನೀರು ಕುಡಿದು ಐದು ನಿಮಿಷ ಕೂರುವ ನೆರಳು, ಗಾಳಿ ಹೊಡೆಯುವ ಪಂಪು, ಇಷ್ಟನ್ನು ಕಟ್ಟುವಾಗಲೇ ಸೇರಿಸಿದರೆ ಖರ್ಚು ಅಲ್ಪ. ಕಟ್ಟಿ ಮುಗಿದ ಮೇಲೆ ಒಡೆದು ಮಾಡುವುದು ದುಬಾರಿ ಎಂಬುದು ಬೆಂಗಳೂರಿನವರಿಗೆ ಹೇಳಬೇಕಾದ ವಿಷಯವಲ್ಲ.

ಅಂಚೆಯವರ ವಿಷಯದಲ್ಲಿ ತಡಮಾಡುವ ಹಾಗಿಲ್ಲ. ಟೆಲಿಗ್ರಾಂ ಸೇವೆ 2013ರ ಜುಲೈಯಲ್ಲಿ ಮುಗಿದಾಗ ತಂತಿ ಹೊತ್ತು ಸೈಕಲ್ಲಿನಲ್ಲಿ ಓಡಾಡಿದವರ ದುಡಿಮೆ ನೆನಪಾಗಿ ಮಾತ್ರ ಉಳಿಯಿತು. ಪೋಸ್ಟ್‌ಮ್ಯಾನ್‌ಗಳ ಕೆಲಸ ಹಾಗಲ್ಲ. ಕಾಗದ ಕಡಿಮೆಯಾದರೂ ಪಾರ್ಸೆಲ್, ಪಾಸ್‌ಪೋರ್ಟ್, ಎಟಿಎಂ ಕಾರ್ಡು, ಕೋರ್ಟ್ ನೋಟಿಸು ಹೆಚ್ಚಿವೆ, ಚೀಲ ಮೊದಲಿಗಿಂತ ಭಾರವಾಗಿದೆ. ಅನೇಕರು ಸೈಕಲ್ ಬಿಟ್ಟು ಸ್ವಂತ ಬೈಕಿಗೆ ಹೋಗಿದ್ದಾರೆ. ಬೀಟ್ ಬೆಳೆದ ಮೇಲೆ ಸೈಕಲ್ಲಿನಲ್ಲಿ ಮುಗಿಸಲಾಗದು ಎಂಬುದು ಒಂದು ಕಾರಣ, ಭತ್ಯೆ ಸಾಲದೆಂಬುದು ಇನ್ನೊಂದು. ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅವರ ಅಧ್ಯಕ್ಷತೆಯಲ್ಲಿ 2025ರಲ್ಲಿ ರಚನೆಯಾದ ಎಂಟನೇ ವೇತನ ಆಯೋಗಕ್ಕೆ ವರದಿ ಕೊಡಲು 18 ತಿಂಗಳ ಕಾಲಾವಕಾಶ ಇದೆ. ಸೈಕಲ್ ಭತ್ಯೆಯನ್ನು ರದ್ದು ಮಾಡಿ ಎಂಬ ಹಳೆಯ ವಾದ ಮತ್ತೆ ಮೇಜಿಗೆ ಬರುವ ಮೊದಲೇ ಅಂಚೆ ನೌಕರರ ಸಂಘಗಳು ಬೀಟಿನ ಉದ್ದವನ್ನು ಕಿಲೋಮೀಟರಿನಲ್ಲಿ, ಚೀಲದ ಭಾರವನ್ನು ಕಿಲೋದಲ್ಲಿ, ಟಯರ್ ಚೈನುಗಳ ಖರ್ಚನ್ನು ರೂಪಾಯಿಯಲ್ಲಿ ಬರೆದು ಆಯೋಗದ ಮುಂದಿಡಬೇಕು. ತಿಂಗಳ ಮೊತ್ತವನ್ನು ಇನ್ನೊಮ್ಮೆ ಇಮ್ಮಡಿ ಮಾಡಿ ಎಂದು ಬೇಡುವುದರ ಬದಲು ಕಿಲೋಮೀಟರಿನ ದರವನ್ನೇ ಕೇಳಬೇಕು. ರಾಜ್ಯದ ಸಂಸದರು ಆ ಮನವಿಗೆ ಸಹಿ ಹಾಕಬೇಕು.